ಮೊಸಳೆಗೆ ಕಿವಿ ಇಟ್ಟವರು ಯಾರು?

ಕಳೆದ ಸೆಮಿಸ್ಟರ್‌ನಲ್ಲಿ ಕ್ವಿಜ್‌ಗೆ ತಯಾರಿ ಮಾಡ್ತಾ ಇದ್ದಾಗ ನಮ್ಮ ಹಾಸ್ಟೆಲ್ ರೂಮಿನಲ್ಲಿ ಒಂದು ಚಿತ್ರದ ಮೇಲೆ ಅರ್ಧ ಗಂಟೆ ಜಗಳ ಆಯ್ತು. ಹಳೇ ಕಾಲದ ಕಪ್ಪು-ಬಿಳುಪು ಚಿತ್ರ ಅದು. ನದಿ ದಡದಲ್ಲಿ ಒಂದು ರಾಕ್ಷಸ ಗಾತ್ರದ ಮೊಸಳೆ ಬಾಯಿ ತೆರೆದು ನಿಂತಿದೆ. ಕೆಲವರು ಸೇರಿಕೊಂಡು ಅದರ ಗಂಟಲಿಗೆ ಉದ್ದನೆಯ ಮರದ ಕಂಬವನ್ನು ತುರುಕ್ತಾ ಇದ್ದಾರೆ. ಹಿಂದೆ ಇನ್ನೊಂದು ಮೊಸಳೆ ಅಂಗಾತ ಬಿದ್ದಿದೆ, ಅದರ ಹೊಟ್ಟೆಗೆ ದೊಣ್ಣೆಯಿಂದ ಹೊಡೀತಾ, ಬಿಲ್ಲು ಹಿಡಿದು ಬಾಣ ಬಿಡ್ತಾ ಇದ್ದಾರೆ. ಎಲ್ಲಕ್ಕಿಂತ ತಮಾಷೆ ಅಂದ್ರೆ ಆ ಮೊಸಳೆಗೆ ಕಿವಿ ಇದೆ! ನಮ್ಮ ನಿಮ್ಮ ಹಾಗೆ ಹೊರಗೆ ಕಾಣೋ ಕಿವಿ.

ಇದು ಪೂರ್ತಿ ಡೂಪು, ಯಾರೋ ಮನೇಲಿ ಕೂತು ಬರೆದಿದ್ದು ಅಂತ ನಮ್ಮಲ್ಲಿ ಅರ್ಧ ಜನ. ಇನ್ನರ್ಧ ಜನ ಮೆಕ್ಯಾನಿಕಲ್‌ನವರು. ಅವರ ವಾದ ಬೇರೆ: ಮೊಸಳೆ ತಪ್ಪಾಗಿದೆ ಸರಿ, ಆದ್ರೆ ಬೇಟೆಯ ವಿಧಾನ ಲೆಕ್ಕಕ್ಕೆ ಸರಿಯಾಗೇ ಇದೆಯಲ್ಲ ಅಂತ. ಇಬ್ಬರೂ ಸೋಲಲಿಲ್ಲ. ಕೊನೆಗೆ ಈ ಚಿತ್ರ ಯಾರದ್ದು ಅಂತ ಹುಡುಕಿಕೊಂಡು ಹೋದೆವು. ಆಗ ಸಿಕ್ಕ ಮನುಷ್ಯನ ಕಥೆಯೇ ಈ ಲೇಖನ. ಅವನ ಹೆಸರು ಜಾಕ್ ಲ ಮ್ವಾನ್. ಅಮೆರಿಕದ ಇತಿಹಾಸದ ಪುಸ್ತಕಗಳಲ್ಲಿ ಇವನ ಹೆಸರಿನ ಚಿತ್ರಗಳು ಎಲ್ಲ ಕಡೆ ಇವೆ. ಇವತ್ತಿನ ಅಮೆರಿಕ ಸಂಯುಕ್ತ ಸಂಸ್ಥಾನದ ನೆಲಕ್ಕೆ ಕಾಲಿಟ್ಟ ಮೊದಲ ಯುರೋಪಿಯನ್ ಚಿತ್ರಕಾರ ಅಂತ ಇವನನ್ನು ಸಾಮಾನ್ಯವಾಗಿ ಗುರುತಿಸ್ತಾರೆ.

ಲ ಮ್ವಾನ್ ಹುಟ್ಟಿದ್ದು ಸುಮಾರು 1533ರಲ್ಲಿ, ಫ್ರಾನ್ಸಿನ ಉತ್ತರ ಕರಾವಳಿಯ ದಿಯೆಪ್ ಅನ್ನೋ ಊರಿನಲ್ಲಿ. ದಿಯೆಪ್ ಆಗ ದೊಡ್ಡ ಬಂದರು. ಹಡಗು ಹೋಗೋ ಊರು ಅಂದಮೇಲೆ ನಕ್ಷೆ ಬೇಕೇ ಬೇಕಲ್ಲ, ಹಾಗಾಗಿ ಅಲ್ಲಿ ಭೂಪಟ ಬರೆಯುವವರ ಒಂದು ಗುಂಪೇ ಬೆಳೆದಿತ್ತು. ಆ ಕಾಲದಲ್ಲಿ ಜಗತ್ತಿನ ಅತ್ಯಂತ ಸುಂದರ ನಕ್ಷೆಗಳಲ್ಲಿ ಕೆಲವು ಬಂದಿದ್ದು ಆ ಊರಿನಿಂದಲೇ.

ಆದರೆ ಫ್ರಾನ್ಸಿನ ಒಳಗೆ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಕ್ಯಾಥೊಲಿಕ್‌ರಿಗೂ ಪ್ರಾಟೆಸ್ಟಂಟ್‌ರಿಗೂ ಯುದ್ಧ ಶುರುವಾಗಿತ್ತು. ಅಲ್ಲಿನ ಪ್ರಾಟೆಸ್ಟಂಟ್‌ರಿಗೆ ಹ್ಯೂಗೆನಾಟ್ ಅಂತ ಹೆಸರು. ಲ ಮ್ವಾನ್ ಕೂಡ ಹ್ಯೂಗೆನಾಟ್. ಅವರ ಮುಖಂಡರಲ್ಲಿ ಒಬ್ಬನಾದ ಅಡ್ಮಿರಲ್ ಕೊಲಿನ್ಯಿಗೆ ಅಟ್ಲಾಂಟಿಕ್ ದಾಟಿ ಫ್ಲಾರಿಡಾದಲ್ಲಿ ಒಂದು ವಸಾಹತು ಕಟ್ಟಬೇಕು ಅನ್ನೋ ಯೋಚನೆ ಇತ್ತು. 1562ರಲ್ಲಿ ಜಾನ್ ರಿಬೋ ಅನ್ನುವ ಕ್ಯಾಪ್ಟನ್ ಹೋಗಿ, ಈಗ ಸೇಂಟ್ ಜಾನ್ಸ್ ಅಂತ ಕರೆಯೋ ನದಿಯ ಬಾಯಲ್ಲಿ ಫ್ರಾನ್ಸ್ ರಾಜನ ಲಾಂಛನ ಇರೋ ಕಲ್ಲಿನ ಕಂಬ ನೆಟ್ಟು ಬಂದ. ಎರಡು ವರ್ಷ ಆದಮೇಲೆ, 1564ರ ಏಪ್ರಿಲ್‌ನಲ್ಲಿ, ಲೋದೊನಿಯೇರ್ ಅನ್ನುವವನ ನಾಯಕತ್ವದಲ್ಲಿ ಮೂರು ಹಡಗು, ಸುಮಾರು 300 ಜನ ಹೊರಟರು. ಅದರಲ್ಲಿ ಲ ಮ್ವಾನ್ ಕೂಡ ಇದ್ದ.

ಅವನಿಗೆ ಕೊಟ್ಟ ಕೆಲಸ ಏನು ಗೊತ್ತಾ? ಕರಾವಳಿಯ ನಕ್ಷೆ ಬರೆಯೋದು, ನದಿ ಎಷ್ಟು ಆಳ ಎಲ್ಲಿ ತಿರುಗುತ್ತೆ ಗುರುತಿಸೋದು, ಊರುಗಳು ಎಲ್ಲಿವೆ ಅಂತ ತೋರಿಸೋದು, ಅಲ್ಲಿನ ಮನೆ, ಜನ, ವಿಚಿತ್ರ ಅನ್ನಿಸಿದ್ದು ಏನೇ ಇದ್ರೂ ಚಿತ್ರ ಮಾಡೋದು. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಸರ್ವೇಯರ್ ಪ್ಲಸ್ ಫೋಟೋಗ್ರಾಫರ್. ಸೈನಿಕರು ನೂರು ಜನ ಇದ್ರು, ಈ ಕೆಲಸಕ್ಕೆ ಮಾತ್ರ ಅವನು.

ಜೂನ್ ಕೊನೆಯಲ್ಲಿ ತಲುಪಿದರು. ಈಗಿನ ಜಾಕ್ಸನ್‌ವಿಲ್ ಪಟ್ಟಣದ ಹತ್ತಿರ, ಅದೇ ನದಿಯ ದಡದಲ್ಲಿ, ತ್ರಿಕೋನ ಆಕಾರದ ಒಂದು ಮಣ್ಣು-ಮರದ ಕೋಟೆ ಕಟ್ಟಿದರು. ರಾಜ ಒಂಬತ್ತನೇ ಚಾರ್ಲ್ಸ್ ಹೆಸರಲ್ಲಿ ಅದಕ್ಕೆ ಫೋರ್ಟ್ ಕ್ಯಾರೊಲಿನ್ ಅಂತ ಹೆಸರಿಟ್ಟರು. ಸುತ್ತಮುತ್ತ ಇದ್ದಿದ್ದು ಟಿಮುಕುವಾ ಭಾಷೆ ಮಾತಾಡೋ ಜನ. ಅವರು ಒಂದೇ ರಾಜ್ಯ ಆಗಿರಲಿಲ್ಲ, ಬೇರೆ ಬೇರೆ ಮುಖ್ಯಸ್ಥರ ಕೆಳಗೆ ಹಂಚಿಹೋಗಿದ್ದರು. ನದಿ ಬಾಯಿಯ ಹತ್ತಿರದ ಮುಖ್ಯಸ್ಥ ಸಾತುರಿವಾ, ನದಿ ಮೇಲ್ಭಾಗದವನು ಉಟಿನಾ. ಇಬ್ಬರಿಗೂ ಆಗ್ತಿರಲಿಲ್ಲ. ಜೋಳ ಬೆಳೀತಿದ್ದರು, ಮೀನು ಹಿಡೀತಿದ್ದರು, ಬೇಟೆ ಆಡ್ತಿದ್ದರು. ಅವರ ಮುಖ್ಯ ಆಯುಧ ಬಿಲ್ಲು-ಬಾಣ. ಬಾಣದ ತುದಿಗೆ ಕಲ್ಲು ಅಥವಾ ಮೀನಿನ ಹಲ್ಲು ಕಟ್ತಿದ್ದರು.

ಈಗ ಮೊಸಳೆ ವಿಷಯಕ್ಕೆ ಬರೋಣ. ಮೊದಲೇ ಹೇಳಿಬಿಡ್ತೀವಿ, ಆ ನದಿಯಲ್ಲಿ ಇರೋದು ಆಲಿಗೇಟರ್. ಕನ್ನಡದಲ್ಲಿ ಕ್ರೊಕೊಡೈಲ್‌ಗೂ ಆಲಿಗೇಟರ್‌ಗೂ ಮೊಸಳೆ ಅಂತಲೇ ಹೇಳ್ತೀವಿ. ಲ ಮ್ವಾನ್ ಚಿತ್ರದ ಕೆಳಗಿರೋ ಲ್ಯಾಟಿನ್ ಬರಹದಲ್ಲೂ ಅದನ್ನ ಕ್ರೊಕೊಡೈಲ್ ಅಂತಲೇ ಕರೆದಿದ್ದಾರೆ. ಆಲಿಗೇಟರ್ ಅನ್ನೋ ಪದವೇ ಆಮೇಲೆ ಬಂದಿದ್ದು, ಹಲ್ಲಿ ಅನ್ನೋ ಅರ್ಥದ ಸ್ಪ್ಯಾನಿಷ್ ಪದ ಎಲ್ ಲಗಾರ್ತೊದಿಂದ. ಹಾಗಾಗಿ ನಾವೂ ಮೊಸಳೆ ಅಂತಲೇ ಬರೀತೀವಿ.

ಆ ಬರಹದಲ್ಲಿ ಬೇಟೆಯ ವಿಧಾನ ಹಂತ ಹಂತವಾಗಿ ಇದೆ, ಲ್ಯಾಬ್ ಮ್ಯಾನುಯಲ್ ತರಾನೇ. ನದಿ ಹತ್ತಿರ ಸಂದು, ತೂತು ಇರೋ ಒಂದು ಪುಟ್ಟ ಗುಡಿಸಲು ಕಟ್ತಾರೆ. ಅದರಲ್ಲಿ ಒಬ್ಬ ಕಾವಲು ಕೂರ್ತಾನೆ. ಹಸಿದ ಮೊಸಳೆ ದೊಡ್ಡ ಶಬ್ದ ಮಾಡ್ತಾ ದಡಕ್ಕೆ ಬರೋದು ದೂರದಿಂದಲೇ ಅವನಿಗೆ ಕೇಳಿಸುತ್ತೆ, ಕಾಣಿಸುತ್ತೆ. ಅವನು ಉಳಿದವರನ್ನ ಕೂಗ್ತಾನೆ. ಅವರು ಹತ್ತು-ಹನ್ನೆರಡು ಅಡಿ ಉದ್ದದ ಒಂದು ಕಂಬ ಹೊತ್ತು ಓಡಿ ಬರ್ತಾರೆ. ಮೊಸಳೆ ಬಾಯಿ ತೆರೆದು ನುಂಗೋಕೆ ಬಂದಾಗ ಕಂಬದ ಚೂಪು ತುದಿಯನ್ನ ಗಂಟಲಿನ ಒಳಗೆ ನುಗ್ಗಿಸ್ತಾರೆ. ಕಂಬದ ತೊಗಟೆ ಒರಟು, ಹಾಗಾಗಿ ಅದು ಹೊರಗೆ ಜಾರಲ್ಲ. ಆಮೇಲೆ ಅದೇ ಕಂಬ ಹಿಡಿದು ಮೊಸಳೆಯನ್ನ ಅಂಗಾತ ಹೊರಳಿಸ್ತಾರೆ. ಬಿಲ್ಲು-ಬಾಣ, ದೊಣ್ಣೆ ಕೆಲಸ ಶುರುವಾಗೋದು ಆಗ. ಬೆನ್ನಿಗೆ ಬಾಣ ಬಿಟ್ಟರೆ ಪ್ರಯೋಜನ ಇಲ್ಲ, ಹೊಟ್ಟೆ ಮಾತ್ರ ಮೆತ್ತಗೆ.

ನಮ್ಮ ಮೆಕ್ಯಾನಿಕಲ್ ಗೆಳೆಯರು ಹಿಡಿದುಕೊಂಡಿದ್ದು ಇದನ್ನೇ. ಆಲಿಗೇಟರ್ ಬೆನ್ನಿನ ಚರ್ಮದ ಒಳಗೆ ಸಾಲು ಸಾಲಾಗಿ ಮೂಳೆಯ ಫಲಕಗಳಿವೆ. ಕಲ್ಲಿನ ತುದಿಯ ಬಾಣ ಅಲ್ಲಿ ಬಡಿದು ಪಕ್ಕಕ್ಕೆ ಹಾರಬೇಕು ಅಷ್ಟೇ. ಹೊಟ್ಟೆ ಕಡೆ ಅಂಥ ರಕ್ಷಣೆ ತುಂಬಾ ಕಡಿಮೆ, ಚರ್ಮದ ವ್ಯಾಪಾರದವರು ಹೊಟ್ಟೆಯ ಚರ್ಮವನ್ನೇ ಕೇಳೋದು ಅದಕ್ಕೇ. ಅದರ ದವಡೆ ಮುಚ್ಚೋ ಶಕ್ತಿ ಭಯಂಕರ, ಆದ್ರೆ ತೆರೆಯೋ ಸ್ನಾಯುಗಳು ದುರ್ಬಲ. ಗಂಟಲಲ್ಲಿ ಕಂಬ ಸಿಕ್ಕಿಕೊಂಡರೆ ಕಚ್ಚೋ ಶಕ್ತಿಯೇ ಕಂಬವನ್ನ ಇನ್ನೂ ಗಟ್ಟಿಯಾಗಿ ಹಿಡ್ಕೊಳ್ಳುತ್ತೆ. ಉದ್ದ ಕಂಬ ಅಂದ್ರೆ ಬೇಟೆಗಾರರೂ ಬಾಲದಿಂದ, ಹಲ್ಲಿನಿಂದ ದೂರ. ಹೊರಳಿಸೋಕೆ ಟಾರ್ಕ್ ಕೂಡ ಸಿಗುತ್ತೆ. ಇನ್ನೊಂದು ವಿಷಯ, ನೀರಲ್ಲಿ ಇರೋ ಮೊಸಳೆಗೆ ಬಾಣ ಬಿಟ್ಟರೆ ಅದು ಮುಳುಗಿ ಮಾಯ ಆಗುತ್ತೆ. ದಡಕ್ಕೆ ಬಂದಮೇಲೆ ಕಂಬದಿಂದ ಹಿಡಿದು ಆಮೇಲೆ ಬಾಣ ಬಿಡೋದು ಬುದ್ಧಿವಂತಿಕೆ. ಇವತ್ತಿಗೂ ಫ್ಲಾರಿಡಾದಲ್ಲಿ ಪರ್ಮಿಟ್ ತಗೊಂಡು ಬಿಲ್ಲಿನಿಂದ ಆಲಿಗೇಟರ್ ಬೇಟೆ ಆಡೋರು ಇದ್ದಾರೆ. ಅವರ ಬಾಣಕ್ಕೆ ಹಗ್ಗ ಕಟ್ಟಿರಬೇಕು ಅನ್ನೋದು ಅಲ್ಲಿಯ ನಿಯಮ. ಬಾಣದ ಮೊದಲ ಕೆಲಸ ಪ್ರಾಣಿಯನ್ನ ಹಿಡಿದಿಡೋದು, ಕೊಲ್ಲೋದು ಆಮೇಲೆ. ಅಂದ್ರೆ 450 ವರ್ಷದ ಹಿಂದೆ ಕಂಬ ಮಾಡ್ತಿದ್ದ ಕೆಲಸವನ್ನ ಈಗ ಹಗ್ಗ ಮಾಡ್ತಿದೆ. ಸಮಸ್ಯೆ ಅದೇ.

ಇಷ್ಟೆಲ್ಲಾ ಸರಿಯಾಗಿ ಗೊತ್ತಿದ್ದ ಮನುಷ್ಯ ಮೊಸಳೆಗೆ ಕಿವಿ ಯಾಕೆ ಬರೆದ? ಇದಕ್ಕೆ ಉತ್ತರ ಸಿಗಬೇಕಂದ್ರೆ ಕೋಟೆಯಲ್ಲಿ ಮುಂದೆ ಏನಾಯ್ತು ಅಂತ ನೋಡಬೇಕು.

ಕೋಟೆಗೆ ಬಂದವರಲ್ಲಿ ಚಿನ್ನ ಹುಡುಕೋರು ಜಾಸ್ತಿ, ಉಳುಮೆ ಮಾಡೋರು ಕಡಿಮೆ. ಊಟಕ್ಕೆ ಟಿಮುಕುವಾ ಜನರ ಜೋಳವನ್ನೇ ನಂಬಿದ್ದರು. ಮೊದಲು ಸ್ನೇಹ ಇತ್ತು. ಲೋದೊನಿಯೇರ್ ಒಮ್ಮೆ ಸಾತುರಿವಾ ಕಡೆ, ಇನ್ನೊಮ್ಮೆ ಉಟಿನಾ ಕಡೆ ಅಂತ ಆಟ ಆಡೋಕೆ ಹೋದ, ಇಬ್ಬರ ನಂಬಿಕೆಯನ್ನೂ ಕಳಕೊಂಡ. ಒಂದಷ್ಟು ಸೈನಿಕರು ದಂಗೆ ಎದ್ದು, ದೋಣಿ ಕದ್ದು, ಕೆರಿಬಿಯನ್ ಕಡೆ ಸ್ಪ್ಯಾನಿಷ್ ಹಡಗು ದೋಚೋಕೆ ಹೊರಟರು. ಇದರಿಂದ ಇಲ್ಲೊಂದು ಫ್ರೆಂಚ್ ಕೋಟೆ ಇದೆ ಅಂತ ಸ್ಪೇನ್‌ಗೆ ಖಚಿತ ಆಯ್ತು. 1565ರ ಬೇಸಿಗೆ ಹೊತ್ತಿಗೆ ಕೋಟೆಯಲ್ಲಿ ಹಸಿವು. ಜೋಳಕ್ಕೋಸ್ಕರ ಉಟಿನಾನನ್ನೇ ಒತ್ತೆ ಇಟ್ಟುಕೊಂಡರು. ಅದು ಬಾಣಗಳ ಮಳೆಯಲ್ಲಿ ಮುಗೀತು. ಊಟ ಹಾಕಿದವರ ಮೇಲೇ ಕೈ ಮಾಡಿದ್ರು ಅನ್ನೋದನ್ನ ಈ ಕಥೆ ಹೇಳೋವಾಗ ಮರೀಬಾರದು.

ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಜಾನ್ ಹಾಕಿನ್ಸ್ ನೀರಿಗಾಗಿ ಅಲ್ಲಿ ಬಂದು, ಇವರ ಸ್ಥಿತಿ ನೋಡಿ ಒಂದು ಹಡಗು, ಸ್ವಲ್ಪ ಆಹಾರ ಮಾರಿದ. ಇನ್ನೇನು ಊರಿಗೆ ಹೊರಡಬೇಕು, ಅಷ್ಟರಲ್ಲಿ ರಿಬೋ ಹೊಸ ಜನರನ್ನ ಕರ್ಕೊಂಡು ಬಂದ. ಬೆನ್ನಿಗೇ ಸ್ಪೇನಿನ ಪೆದ್ರೊ ಮೆನೆಂಡೆಸ್ ಕೂಡ ಬಂದ. ಅವನು ಸೆಪ್ಟೆಂಬರ್ 8ರಂದು ದಕ್ಷಿಣಕ್ಕೆ ಸುಮಾರು 60 ಕಿಲೋಮೀಟರ್ ದೂರದಲ್ಲಿ ಸೇಂಟ್ ಅಗಸ್ಟೀನ್ ಸ್ಥಾಪಿಸಿದ. ರಿಬೋ ತನ್ನ ದೊಡ್ಡ ಹಡಗುಗಳನ್ನ ತಗೊಂಡು ಅವನ ಮೇಲೆ ದಾಳಿಗೆ ಹೋದ, ಬಿರುಗಾಳಿಗೆ ಸಿಕ್ಕಿ ಆ ಹಡಗುಗಳು ಒಡೆದವು. ಇತ್ತ ಮೆನೆಂಡೆಸ್ ಅದೇ ಮಳೆಯಲ್ಲಿ ಕಾಡು, ಜೌಗು ದಾಟಿ ನಡೆದುಕೊಂಡೇ ಬಂದ. ಸೆಪ್ಟೆಂಬರ್ 20ರ ಬೆಳಗ್ಗೆ. ಮಳೆ ಜೋರಾಗಿತ್ತು, ನೆಂದು ಒದ್ದೆಯಾಗಿದ್ದ ಕಾವಲಿನವರನ್ನ ಪಾಪ ಅಂತ ಒಳಗೆ ಕಳಿಸಿದ್ದರು. ಸ್ಪ್ಯಾನಿಷರು ಒಳಗೆ ನುಗ್ಗಿದರು. ನೂರಕ್ಕೂ ಹೆಚ್ಚು ಜನ ಸತ್ತರು. ಹೆಂಗಸರು, ಮಕ್ಕಳನ್ನ ಮಾತ್ರ ಬಿಟ್ಟರು.

ಲ ಮ್ವಾನ್ ಗೋಡೆ ಹಾರಿ ಕಾಡಿಗೆ ಓಡಿದ. ಅಲ್ಲಿ ಇನ್ನೂ ಕೆಲವರು ಸಿಕ್ಕಿದರು. ಜೊತೆಗಾರನೊಬ್ಬ, ಕಾಡಲ್ಲಿ ಸಾಯೋದಕ್ಕಿಂತ ಶರಣಾಗೋದು ವಾಸಿ ಅಂತ ಕೋಟೆ ಕಡೆ ವಾಪಸ್ ನಡೆದ. ಲ ಮ್ವಾನ್ ಕಾಡಿನ ಅಂಚಿನಿಂದ ನೋಡ್ತಾ ಇದ್ದ. ಶರಣಾಗೋಕೆ ಹೋದವನನ್ನ ಅಲ್ಲೇ ಕಡಿದು ಹಾಕಿದರು. ಅದನ್ನ ಕಣ್ಣಾರೆ ಕಂಡವನು ತಿರುಗಿ, ಜೌಗು ನೀರಿನಲ್ಲಿ ನಡೆದು ನಡೆದು ನದಿ ಬಾಯಲ್ಲಿದ್ದ ಫ್ರೆಂಚ್ ಹಡಗು ಸೇರಿದ. ಮೊಸಳೆಗಳು ಇದ್ದ ಅದೇ ನೀರು. ಲೋದೊನಿಯೇರ್ ಕೂಡ ಹಾಗೇ ತಪ್ಪಿಸಿಕೊಂಡ. ದಡಕ್ಕೆ ಬಿದ್ದಿದ್ದ ರಿಬೋ ಮತ್ತವನ ಜನರಲ್ಲಿ ಬಹಳಷ್ಟು ಮಂದಿ ಕೆಲ ದಿನಗಳಲ್ಲೇ ಮೆನೆಂಡೆಸ್ ಕೈಯಲ್ಲಿ ಸತ್ತರು. ಅದು ನಡೆದ ಜಾಗಕ್ಕೆ ಇವತ್ತಿಗೂ ಮಟಾನ್ಸಾಸ್ ಅಂತ ಹೆಸರು. ಸ್ಪ್ಯಾನಿಷ್‌ನಲ್ಲಿ ಹಾಗಂದ್ರೆ ಕಗ್ಗೊಲೆಗಳು.

ಮೈಮೇಲಿದ್ದ ಬಟ್ಟೆಯಲ್ಲಿ ಓಡಿದವನ ಕೈಯಲ್ಲಿ ಚಿತ್ರದ ಹಾಳೆಗಳು ಇರೋಕೆ ಸಾಧ್ಯನಾ? ಒಂದು ವರ್ಷ ಮೇಲೆ ಬರೆದಿದ್ದರಲ್ಲಿ ಬಹುಪಾಲು ಕೋಟೆಯಲ್ಲೇ ನಾಶ ಆಯ್ತು ಅಂತ ಬಹಳ ಜನ ಇತಿಹಾಸಕಾರರ ಅಭಿಪ್ರಾಯ. ನಮ್ಮಲ್ಲಿ ಒಬ್ಬರ ಹಾರ್ಡ್ ಡಿಸ್ಕ್ ಕಳೆದ ವರ್ಷ ಹೋದಾಗ ಎರಡು ದಿನ ಊಟ ಮಾಡಿರಲಿಲ್ಲ. ಇವನದ್ದು ಹಾರ್ಡ್ ಡಿಸ್ಕ್ ಜೊತೆ ಊರೂ, ಗೆಳೆಯರೂ ಹೋದ್ರು.

ಅವನಿದ್ದ ಹಡಗು ದಾರಿ ತಪ್ಪಿ ವೇಲ್ಸ್‌ನ ಸ್ವಾನ್ಸಿಗೆ ಬಂದು ಮುಟ್ಟಿತು. ಅಲ್ಲಿಂದ ಫ್ರಾನ್ಸ್. ಅಲ್ಲೂ ನೆಮ್ಮದಿ ಇರಲಿಲ್ಲ. 1572ರ ಆಗಸ್ಟ್‌ನಲ್ಲಿ ಪ್ಯಾರಿಸ್‌ನಲ್ಲಿ ಹ್ಯೂಗೆನಾಟರ ಸಾಮೂಹಿಕ ಹತ್ಯೆ ಆಯ್ತು, ಬೇರೆ ಊರುಗಳಿಗೂ ಹರಡಿತು. 1580ರ ಆಸುಪಾಸಿಗೆ ಲ ಮ್ವಾನ್ ಲಂಡನ್‌ನ ಬ್ಲ್ಯಾಕ್‌ಫ್ರಯರ್ಸ್ ಅನ್ನೋ ಪ್ರದೇಶದಲ್ಲಿ ನಿರಾಶ್ರಿತನಾಗಿ ಬದುಕ್ತಾ ಇದ್ದ. ವಾಲ್ಟರ್ ರಾಲಿ ಅವನಿಗೆ ಆಸರೆ ಕೊಟ್ಟ. ರಾಲಿಗೂ ಅಮೆರಿಕದಲ್ಲಿ ವಸಾಹತು ಮಾಡೋ ಆಸೆ ಇತ್ತು, ಹಾಗಾಗಿ ಕಣ್ಣಾರೆ ಕಂಡ ಚಿತ್ರಕಾರ ಅಂದ್ರೆ ಅವನಿಗೆ ಬೆಲೆ ಇತ್ತು. ಲ ಮ್ವಾನ್ ಫ್ಲಾರಿಡಾದ ಕಥೆಯನ್ನ ಬರವಣಿಗೆಯಲ್ಲಿ ಇಳಿಸಿದ, ನೆನಪಿನಿಂದ ಮತ್ತೆ ಚಿತ್ರ ಮಾಡಿದ ಅಂತ ಹೇಳ್ತಾರೆ.

ಹೊಟ್ಟೆಪಾಡಿಗೆ ಮಾತ್ರ ಅವನು ಹೂವು-ಹಣ್ಣು ಬರೀತಿದ್ದ. 1586ರಲ್ಲಿ ಒಂದು ಪುಸ್ತಕವನ್ನೂ ತಂದ. ಪ್ರಾಣಿ, ಪಕ್ಷಿ, ಹೂವು, ಹಣ್ಣಿನ ಸುಮಾರು ನೂರು ಮರದಚ್ಚಿನ ಚಿತ್ರಗಳು ಅದರಲ್ಲಿದ್ದವು. ಯಾರಿಗಾಗಿ ಅಂದ್ರೆ ಕಸೂತಿ ಹಾಕೋರಿಗೆ, ಅಕ್ಕಸಾಲಿಗರಿಗೆ, ನೇಯುವವರಿಗೆ, ನೋಡಿ ಡಿಸೈನ್ ಮಾಡ್ಕೊಳ್ಳಲಿ ಅಂತ. ಅಟ್ಲಾಂಟಿಕ್ ದಾಟಿ, ಕಗ್ಗೊಲೆ ನೋಡಿ ಬಂದವನು ಕಸೂತಿ ಪ್ಯಾಟರ್ನ್ ಬರೆದ ಅಂತ ನಗಬೇಡಿ. ಅವನ ಅತ್ಯಂತ ಒಳ್ಳೆ ಕೆಲಸ ಅದೇ ಸಾಲಿನದ್ದು, ಮುಂದೆ ಹೇಳ್ತೀವಿ.

1587ರಲ್ಲಿ ಥಿಯೋಡರ್ ಡಿ ಬ್ರಿ ಅನ್ನುವವನು ಲಂಡನ್‌ಗೆ ಬಂದ. ಅವನೂ ಧರ್ಮದ ಕಾರಣಕ್ಕೆ ಊರು ಬಿಟ್ಟವನೇ. ಲಿಯೇಜ್ ಊರಿನ ಅಕ್ಕಸಾಲಿಗ, ತಾಮ್ರದ ಹಾಳೆ ಕೊರೆದು ಚಿತ್ರ ಅಚ್ಚು ಹಾಕೋದರಲ್ಲಿ ಎಕ್ಸ್‌ಪರ್ಟ್. ಅಮೆರಿಕದ ಬಗ್ಗೆ ಚಿತ್ರ ತುಂಬಿದ ಪುಸ್ತಕಗಳ ಸರಣಿ ತರೋ ಪ್ಲ್ಯಾನ್ ಅವನದ್ದು. ಲ ಮ್ವಾನ್ ಹತ್ತಿರ ಚಿತ್ರ ಕೇಳಿದ, ಲ ಮ್ವಾನ್ ಕೊಡಲಿಲ್ಲ. 1588ರಲ್ಲಿ ಲ ಮ್ವಾನ್ ತೀರಿಕೊಂಡ. ಆಮೇಲೆ ಡಿ ಬ್ರಿ ಅವನ ಹೆಂಡತಿಯಿಂದ ಆ ಕಾಗದಗಳನ್ನ ಕೊಂಡುಕೊಂಡ. 1591ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಫ್ಲಾರಿಡಾ ಪುಸ್ತಕ ಅಚ್ಚಾಯ್ತು, 42 ಚಿತ್ರ ಮತ್ತು ಒಂದು ನಕ್ಷೆ. ನಮ್ಮ ರೂಮಿನಲ್ಲಿ ಜಗಳ ಹಚ್ಚಿದ ಮೊಸಳೆ ಬೇಟೆ ಚಿತ್ರ ಅದರಲ್ಲಿ ಒಂದು. ಅಂದ್ರೆ ನಾವು ನೋಡಿದ್ದು ಲ ಮ್ವಾನ್ ಕೈಯ ಗೆರೆ ಅಲ್ಲವೇ ಅಲ್ಲ. ಜೀವಮಾನದಲ್ಲಿ ಅಟ್ಲಾಂಟಿಕ್ ದಾಟದ ಡಿ ಬ್ರಿಯ ಕಾರ್ಖಾನೆಯಲ್ಲಿ ಕೊರೆದ ಗೆರೆ.

ಇಲ್ಲಿಂದ ಅನುಮಾನ ಶುರು. ಫ್ಲಾರಿಡಾದ ಪುರಾತತ್ವ ತಜ್ಞ ಜೆರಾಲ್ಡ್ ಮಿಲಾನಿಚ್ ಸೇರಿದಂತೆ ಹಲವರು ಈ ಚಿತ್ರಗಳಲ್ಲಿ ತಪ್ಪು ಪಟ್ಟಿ ಮಾಡಿದ್ದಾರೆ. ಕೆಲವು ಚಿತ್ರಗಳಲ್ಲಿ ಫ್ಲಾರಿಡಾದವರ ಕೈಯಲ್ಲಿ ಬ್ರೆಜಿಲ್‌ನ ತುಪಿನಂಬಾ ಜನರ ತರದ ದೊಣ್ಣೆ ಇದೆ. ಪೆಸಿಫಿಕ್ ಕಡೆಯ ನಾಟಿಲಸ್ ಚಿಪ್ಪಿನ ಲೋಟ ಇದೆ. ಚಪ್ಪಟೆ ನೆಲದ ಫ್ಲಾರಿಡಾದಲ್ಲಿ ಬೆಟ್ಟಗಳಿವೆ. ಜನರ ಮೈಕಟ್ಟು, ನಿಲುವು ಗ್ರೀಕ್ ಪ್ರತಿಮೆ ತರ. ಮೊಸಳೆಗೆ ಕಿವಿ. ನಿಜವಾದ ಆಲಿಗೇಟರ್‌ಗೆ ಕಣ್ಣಿನ ಹಿಂದೆ ಒಂದು ಸೀಳು ಇರುತ್ತೆ, ನೀರಿಗಿಳಿದಾಗ ಅದು ಮುಚ್ಚಿಕೊಳ್ಳುತ್ತೆ, ಅಷ್ಟೇ. ಲ ಮ್ವಾನ್ ಕೈಯ ಫ್ಲಾರಿಡಾ ಚಿತ್ರ ಅಂತ ಉಳಿದಿರೋದು ಒಂದೇ ಒಂದು. ರಿಬೋ ನೆಟ್ಟಿದ್ದ ಕಲ್ಲುಕಂಬಕ್ಕೆ ಟಿಮುಕುವಾ ಜನ ಹೂಮಾಲೆ ಹಾಕಿ, ಮುಂದೆ ಹಣ್ಣು-ಧಾನ್ಯ ಇಟ್ಟಿರೋ ದೃಶ್ಯ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿದೆ. ಅದೂ ನಿಜಕ್ಕೂ ಅವನದ್ದೇನಾ ಅಂತ ಈಗ ಕೆಲವು ತಜ್ಞರು ಕೇಳ್ತಿದ್ದಾರೆ.

ಡಿ ಬ್ರಿ ಎಷ್ಟು ಬದಲಾಯಿಸ್ತಿದ್ದ ಅಂತ ಅಳೆಯೋಕೆ ಒಂದು ದಾರಿ ಇದೆ, ನಮಗೆಲ್ಲ ಗೊತ್ತಿರೋ ದಾರಿ. ಮೀಟರ್ ಮೇಲೆ ಡೌಟ್ ಬಂದ್ರೆ ಏನ್ ಮಾಡ್ತೀವಿ? ಗೊತ್ತಿರೋ ಸ್ಟ್ಯಾಂಡರ್ಡ್ ಕೊಟ್ಟು ಕ್ಯಾಲಿಬ್ರೇಟ್ ಮಾಡ್ತೀವಿ. 1590ರಲ್ಲಿ ಡಿ ಬ್ರಿ ಇನ್ನೊಬ್ಬ ಚಿತ್ರಕಾರ ಜಾನ್ ವೈಟ್ ಬರೆದಿದ್ದ ರೊನೋಕ್ ದ್ವೀಪದ ಕಡೆಯ ಚಿತ್ರಗಳನ್ನ ಅಚ್ಚು ಹಾಕಿದ್ದ. ವೈಟ್‌ನ ಮೂಲ ಜಲವರ್ಣ ಚಿತ್ರಗಳು ಬ್ರಿಟಿಷ್ ಮ್ಯೂಸಿಯಂನಲ್ಲಿ ಉಳಿದಿವೆ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಗೊತ್ತಾಗುತ್ತೆ. ಡಿ ಬ್ರಿ ಮುಖಗಳನ್ನ ಯುರೋಪಿನವರ ತರ ಮಾಡಿದ್ದಾನೆ, ಸ್ನಾಯು ಉಬ್ಬಿಸಿದ್ದಾನೆ, ಖಾಲಿ ಹಿನ್ನೆಲೆಗೆ ಮರ, ನೀರು, ಜನ ಸೇರಿಸಿದ್ದಾನೆ. ಆದ್ರೆ ಬಟ್ಟೆ, ಆಭರಣ, ಕೆಲಸ ಮಾಡೋ ವಿಧಾನಗಳನ್ನ ಬಹುಮಟ್ಟಿಗೆ ಉಳಿಸಿಕೊಂಡಿದ್ದಾನೆ. ಇದೇ ಎರರ್ ಫ್ಲಾರಿಡಾ ಚಿತ್ರಗಳಿಗೂ ಇದೆ ಅಂತ ಇಟ್ಟುಕೊಂಡರೆ, ಮೊಸಳೆಯ ಕಿವಿ ಬಹುಶಃ ಫ್ರಾಂಕ್‌ಫರ್ಟ್‌ದು, ಗಂಟಲಿನ ಕಂಬ ಬಹುಶಃ ಫ್ಲಾರಿಡಾದ್ದು. ಇದು ನಮ್ಮ ಊಹೆ ಅಷ್ಟೇ. ಆದ್ರೆ ರೂಮಿನ ಎರಡೂ ಪಾರ್ಟಿ ಇದಕ್ಕೆ ಒಪ್ಪಿಕೊಂಡಿತು.

ಲ ಮ್ವಾನ್ ನಿಜವಾಗಿ ಹೇಗೆ ಬರೀತಿದ್ದ ಅಂತ ತಿಳಿಯೋಕೆ ಅವನ ಹೂವುಗಳನ್ನ ನೋಡಬೇಕು. ಲಂಡನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ 1856ರಲ್ಲಿ ಒಂದು ಹಳೇ ಪುಸ್ತಕ ಕೊಂಡಿತ್ತು, ಅದರ ರಟ್ಟು ಚೆನ್ನಾಗಿದೆ ಅನ್ನೋ ಕಾರಣಕ್ಕೆ! ಒಳಗೆ ಹೂವು-ಹಣ್ಣಿನ ಜಲವರ್ಣ ಚಿತ್ರಗಳಿದ್ದವು. ಅವು ಲ ಮ್ವಾನ್‌ದು ಅಂತ ಗುರುತಿಸಿದ್ದು 1922ರಲ್ಲಿ. ಸತ್ತು 334 ವರ್ಷ ಆದಮೇಲೆ. ಆ ಚಿತ್ರಗಳ ಪ್ರಿಂಟ್ ನೋಡಿದೆವು. ಎಲೆಯ ನರ, ಹುಳ ತಿಂದ ತೂತು, ಒಂದು ಕಡೆ ಬಾಡಿರೋ ದಳ, ಎಲ್ಲ ಇದೆ. ಎದುರಿಗೆ ಇದ್ದಿದ್ದನ್ನ ಇದ್ದ ಹಾಗೆ ಬರೆಯೋ ಕೈ ಅದು. ಹುಳ ತಿಂದ ತೂತನ್ನೂ ಬಿಡದವನು ಮೊಸಳೆಗೆ ಇಲ್ಲದ ಕಿವಿ ಬರೀತಿದ್ದನಾ?

ಇಷ್ಟೊಂದು ತಲೆ ಕೆಡಿಸ್ಕೊಳ್ಳೋಕೆ ಏನಿದೆ, ಹಳೇ ಚಿತ್ರ ತಾನೇ ಅನ್ನಬಹುದು. ಕಾರಣ ಇದೆ. ಸ್ಪೇನ್ ಆಳ್ವಿಕೆಯಲ್ಲಿ ಕಾಯಿಲೆ, ಬಲವಂತದ ಕೆಲಸ, ದಾಳಿಗಳಿಂದ ಟಿಮುಕುವಾ ಜನ ಕರಗುತ್ತಾ ಹೋದರು. 1763ರಲ್ಲಿ ಸ್ಪೇನ್ ಫ್ಲಾರಿಡಾವನ್ನ ಬ್ರಿಟನ್‌ಗೆ ಬಿಟ್ಟುಕೊಟ್ಟಾಗ ಉಳಿದಿದ್ದ ಕೆಲವೇ ಕೆಲವರನ್ನ ಕ್ಯೂಬಾಕ್ಕೆ ಕರ್ಕೊಂಡು ಹೋದರು. ಅಲ್ಲಿಗೆ ಒಂದು ಜನಾಂಗದ ಕಥೆ ಮುಗೀತು. ಅವರ ಭಾಷೆಯನ್ನ ಇವತ್ತು ಮಾತಾಡೋರು ಯಾರೂ ಇಲ್ಲ. ಫ್ರಾನ್ಸಿಸ್ಕೊ ಪರೇಹಾ ಅನ್ನೋ ಪಾದ್ರಿ 1612ರಿಂದ ಅಚ್ಚು ಹಾಕಿಸಿದ ಕೆಲವು ಧಾರ್ಮಿಕ ಪುಸ್ತಕ, ಒಂದು ವ್ಯಾಕರಣ ಇದೆ, ಅದರಿಂದಲೇ ಭಾಷೆಯ ಬಗ್ಗೆ ಗೊತ್ತಿರೋದು. ಅವರು ಹೇಗೆ ಕಾಣ್ತಿದ್ದರು ಅನ್ನೋದಕ್ಕೆ ಮುಖ್ಯವಾಗಿ ಉಳಿದಿರೋದು ಈ 42 ಚಿತ್ರಗಳೇ. ಫೋರ್ಟ್ ಕ್ಯಾರೊಲಿನ್ ಇದ್ದ ಜಾಗ ಕೂಡ ಇವತ್ತಿನವರೆಗೆ ಖಚಿತವಾಗಿ ಸಿಕ್ಕಿಲ್ಲ, ಈಗ ಇರೋದು ನೆನಪಿಗೆ ಕಟ್ಟಿದ ಮಾದರಿ. ಮೊಸಳೆಗಳ ವಿಷಯ ಬೇರೆ. 1967ರಲ್ಲಿ ಅಳಿವಿನ ಅಂಚಿನ ಪಟ್ಟಿ ಸೇರಿದ್ದ ಅಮೆರಿಕನ್ ಆಲಿಗೇಟರ್ 1987ಕ್ಕೆ ಪೂರ್ತಿ ಚೇತರಿಸಿಕೊಂಡಿತು ಅಂತ ಘೋಷಣೆ ಆಯ್ತು. ಆ ನದಿಯಲ್ಲಿ ಈಗಲೂ ಮೊಸಳೆ ಇದೆ, ಚಿತ್ರದ ಕಿವಿ ತಪ್ಪು ಅಂತ ಯಾರು ಬೇಕಾದ್ರೂ ಹೋಗಿ ನೋಡಿ ಹೇಳಬಹುದು. ಕಂಬ ಹಿಡಿದವರ ಬಗ್ಗೆ ಏನು ತಪ್ಪಾಗಿದೆ ಅಂತ ಹೇಳೋಕೆ ಅವರಲ್ಲಿ ಒಬ್ಬರೂ ಇಲ್ಲ.

ಈಗ ನಮ್ಮ ವಿಷಯ. ಫಸ್ಟ್ ಇಯರ್‌ನಲ್ಲಿ ನಾವೆಲ್ಲ ಏನ್ ಮಾಡಿದ್ವಿ ಅಂತ ನಿಮಗೂ ಗೊತ್ತು, ನೀವೂ ಅದನ್ನೇ ಮಾಡಿರ್ತೀರಿ. ಫಿಸಿಕ್ಸ್ ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರಲಿಲ್ಲ ಅಂದ್ರೆ ಸೀನಿಯರ್ ರೆಕಾರ್ಡ್ ತೆಗೆದು ಅದರ ರೀಡಿಂಗ್ ಇಳಿಸೋದು. ಗ್ರಾಫ್ ನೇರ ಗೆರೆ ಬರುತ್ತೆ, ಸಹಿ ಬೀಳುತ್ತೆ, ಎಲ್ಲರೂ ಖುಷಿ. ಡಿ ಬ್ರಿಯ ಕಾರ್ಖಾನೆಯಲ್ಲೂ ಬಹುಶಃ ಹೀಗೇ ಆಗಿರುತ್ತೆ. ಫ್ಲಾರಿಡಾದ ದೊಣ್ಣೆ ಗೊತ್ತಿಲ್ಲ, ಬ್ರೆಜಿಲ್‌ದು ಮೇಜಿನ ಮೇಲಿದೆ, ಅದನ್ನೇ ಹಾಕು. ಚಿತ್ರ ಚೆನ್ನಾಗಿ ಕಾಣುತ್ತೆ, ಪುಸ್ತಕ ಮಾರಾಟ ಆಗುತ್ತೆ. ಅವನಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಮಗೆ ಅನ್ನಿಸಲ್ಲ. ಮುಂದೆ ಒಂದು ದಿನ ಇದೊಂದೇ ರೆಕಾರ್ಡ್ ಉಳಿಯುತ್ತೆ ಅಂತ ಅವನಿಗೇನು ಗೊತ್ತಿತ್ತು?

ಲ ಮ್ವಾನ್ ಬದುಕಿರೋವರೆಗೂ ಚಿತ್ರ ಯಾಕೆ ಕೊಡಲಿಲ್ಲ ಅಂತ ನಾವು ತುಂಬಾ ಯೋಚಿಸಿದೆವು. ತಾನೇ ಅಚ್ಚು ಹಾಕಿಸೋ ಆಸೆ ಇದ್ದಿರಬಹುದು. ಇನ್ನೊಬ್ಬರ ಕೈಗೆ ಹೋದ್ರೆ ಏನಾಗುತ್ತೆ ಅಂತ ಅವನಿಗೆ ಅನ್ನಿಸಿರಬಹುದು. ಜೌಗು ನೀರಿನಲ್ಲಿ ನಡೆದು ಬಂದವನಿಗೆ ಆ ಕಾಗದಗಳು ಮಾರೋ ವಸ್ತು ತರ ಕಂಡಿರಲಿಕ್ಕಿಲ್ಲ ಅಂತ ನಮಗೆ ತೋಚಿತು.

ಈ ಸೆಮಿಸ್ಟರ್ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚ್‌ಗೆ ಬಂದ ಒಂದು ರೀಡಿಂಗ್ ಪುಸ್ತಕದ ಬೆಲೆಗಿಂತ ತುಂಬಾ ದೂರ ಇತ್ತು. ಸೀನಿಯರ್ ರೆಕಾರ್ಡ್ ಬ್ಯಾಗಿನಲ್ಲೇ ಇತ್ತು. ಸ್ವಲ್ಪ ಹೊತ್ತು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆಮೇಲೆ ಬಂದಿದ್ದನ್ನ ಬಂದ ಹಾಗೇ ಬರೆದು, ಸ್ಪೆಸಿಮೆನ್ ಗ್ರಿಪ್‌ನಲ್ಲಿ ಜಾರಿತ್ತು ಅಂತ ಕೆಳಗೆ ಒಂದು ಸಾಲು ಸೇರಿಸಿದೆವು. ಎರಡು ಮಾರ್ಕ್ಸ್ ಹೋಯ್ತು. ಈಗ ಆ ಪುಟದ ಮೂಲೆಯಲ್ಲಿ ಯಾರೋ ಪೆನ್ಸಿಲ್‌ನಲ್ಲಿ ಒಂದು ಪುಟ್ಟ ಮೊಸಳೆ ಬರೆದಿದ್ದಾರೆ. ಅದಕ್ಕೆ ಕಿವಿ ಇಲ್ಲ.